ಐರ್ಲೆಂಡನ್ನು ಓದೋಣ, ಕನ್ನಡದಲ್ಲೇ ಬರೆಯೋಣ

(ತಾಯಲೂರಿನಲ್ಲಿ ಕನ್ನಡ ಯುವಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)

ತಾಯಲೂರಿನ ಹಿರಿಯರೇ, ಬೆಂಗಳೂರಿನ ಬಸ್ಸಿನಿಂದ ಇಳಿದು ನೇರವಾಗಿ ಇಲ್ಲಿಗೇ ಬಂದಿರುವ ಗೆಳೆಯರೇ, ತಂಗಿಯರೇ,

ನಮ್ಮ ಚಳವಳಿಯ ವೇದಿಕೆಗಳಲ್ಲಿ ಒಂದು ದೇಶದ ಹೆಸರು ಮತ್ತೆ ಮತ್ತೆ ಕೇಳಿಬರುತ್ತದೆ. ಐರ್ಲೆಂಡ್! ‘ಸ್ವಾತಂತ್ರ್ಯ ಗೆದ್ದರು, ನುಡಿಯನ್ನು ಸೋತರು, ಕನ್ನಡಿಗರೇ ಎಚ್ಚರ!’ ಎಂದು ಯಾರಾದರೂ ಗುಡುಗುತ್ತಾರೆ. ಚಪ್ಪಾಳೆ ಬೀಳುತ್ತದೆ. ಹೇಳಿದವರು ಐರ್ಲೆಂಡಿನ ಬಗ್ಗೆ ಓದಿರುವುದಿಲ್ಲ, ಚಪ್ಪಾಳೆ ತಟ್ಟಿದವರೂ ಓದಿರುವುದಿಲ್ಲ. ಇಷ್ಟಕ್ಕೇ ನಿಂತರೆ ಸಾಕೇ? ಈ ಸಭೆಯಲ್ಲಿರುವ ಒಬ್ಬ ಹುಡುಗನೋ ಹುಡುಗಿಯೋ ಐರ್ಲೆಂಡಿನ ಸಂಸ್ಕೃತಿ, ಚರಿತ್ರೆಯ ಮೇಲೆ ಪಿಎಚ್.ಡಿ. ಮಾಡಬೇಕು. ಅದನ್ನು ಕನ್ನಡದಲ್ಲಿ ಬರೆಯಬೇಕು. ಇದನ್ನು ಕೇಳಲೆಂದೇ ನಾನು ಬಂದಿರುವುದು.

ನಗಬೇಡಿ. ತಾಯಲೂರೆಲ್ಲಿ, ಐರ್ಲೆಂಡ್ ಎಲ್ಲಿ ಅನ್ನಬೇಡಿ. ನಮ್ಮ ಮುಳಬಾಗಿಲು ತಾಲ್ಲೂಕಿನ ಗಡಿ ದಾಟಿ ಪುಂಗನೂರಿನ ಮೇಲೆ ಹೋದರೆ ಮದನಪಲ್ಲಿ ಸಿಗುತ್ತದೆ. ನಮ್ಮವರು ಟೊಮೆಟೊ ಲಾರಿ ಕಳಿಸುವ ಅದೇ ಮದನಪಲ್ಲಿ. ಅಲ್ಲಿನ ಥಿಯಾಸಾಫಿಕಲ್ ಕಾಲೇಜಿಗೆ 1919ರ ಫೆಬ್ರವರಿಯಲ್ಲಿ ರವೀಂದ್ರನಾಥ ಠಾಕೂರರು ಬಂದು ತಂಗಿದ್ದರು. ಅವರು ಹಾಡಿದ ‘ಜನ ಗಣ ಮನ’ಕ್ಕೆ ಅಲ್ಲೇ ಸ್ವರಲಿಪಿ ಬರೆದವರು ಮಾರ್ಗರೆಟ್ ಕಸಿನ್ಸ್. ಐರ್ಲೆಂಡಿನ ಹೆಣ್ಣುಮಗಳು, ಸಂಗೀತ ಓದಿದವರು, ಹೆಂಗಸರ ಮತದಾನದ ಹಕ್ಕಿಗಾಗಿ ಜೈಲು ಕಂಡವರು. ಅವರ ಗಂಡ ಜೇಮ್ಸ್ ಕಸಿನ್ಸ್ ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿದ ಕವಿ. 1915ರಲ್ಲಿ ಅನಿಬೆಸೆಂಟರ ಕರೆಗೆ ಓಗೊಟ್ಟು ಇಬ್ಬರೂ ಭಾರತಕ್ಕೆ ಬಂದರು.

ಈ ಜೇಮ್ಸ್ ಕಸಿನ್ಸ್ ಯಾರೆಂದು ಗೊತ್ತಾಯಿತೇ? 1924ರಲ್ಲಿ ಮೈಸೂರಿನಲ್ಲಿ ಒಬ್ಬ ಮಲೆನಾಡಿನ ವಿದ್ಯಾರ್ಥಿ ತಾನು ಬರೆದ ಇಂಗ್ಲಿಷ್ ಕವಿತೆಗಳನ್ನು ಹಿಡಿದುಕೊಂಡು ಇವರ ಹತ್ತಿರ ಹೋದ. ಅಷ್ಟರಲ್ಲಿ ಅವನ ಒಂದು ಇಂಗ್ಲಿಷ್ ಕವನ ಸಂಕಲನ ಅಚ್ಚಾಗಿಯೂ ಆಗಿತ್ತು. ಕಸಿನ್ಸ್ ಅದನ್ನೆಲ್ಲ ನೋಡಿ, ನಿನ್ನ ತಾಯಿನುಡಿಯಲ್ಲಿ ಏನು ಬರೆದಿದ್ದೀಯ ಎಂದು ಕೇಳಿದರು. ಠಾಕೂರರು ಬಂಗಾಳಿಯಲ್ಲಿ ಬರೆಯುವುದನ್ನು ನೆನಪಿಸಿದರು. ಆ ವಿದ್ಯಾರ್ಥಿಯೇ ನಮ್ಮ ಕುವೆಂಪು. ಈ ಭೇಟಿಯನ್ನು ಕುವೆಂಪು ಅವರೇ ‘ನೆನಪಿನ ದೋಣಿಯಲ್ಲಿ’ ಹೇಳಿಕೊಂಡಿದ್ದಾರೆ.

ಈ ಕಥೆಯನ್ನು ಪ್ರತಿ ರಾಜ್ಯೋತ್ಸವದಲ್ಲೂ ಹೇಳುತ್ತೇವೆ, ಹೇಳಿ ಮುಂದೆ ಹೋಗುತ್ತೇವೆ. ಒಂದು ಕ್ಷಣ ನಿಲ್ಲಿ. ತಾಯಿನುಡಿಯಲ್ಲಿ ಬರಿ ಎಂದು ನಮ್ಮ ಹುಡುಗನಿಗೆ ಹೇಳಿದ ಈ ಐರಿಷ್ ಕವಿ, ತಾನು ಕವಿತೆ ಬರೆದದ್ದು ಯಾವ ಭಾಷೆಯಲ್ಲಿ? ಇಂಗ್ಲಿಷಿನಲ್ಲಿ! ಯೇಟ್ಸ್ ಮೊದಲಾದವರ ಜೊತೆ ಐರಿಷ್ ಸಾಹಿತ್ಯದ ಪುನರುಜ್ಜೀವನದಲ್ಲಿ ಇದ್ದವನು, ಆದರೆ ಅವನ ಊರಿನಲ್ಲಿ ಐರಿಷ್ ನುಡಿ ಎಂದೋ ಹಿಂದೆ ಸರಿದಿತ್ತು. ತನ್ನ ನಾಡು ಕಳೆದುಕೊಂಡದ್ದನ್ನು ನೋಡಿದ್ದಕ್ಕೇ ಆ ಮಾತು ಬಂತೋ, ಥಿಯಾಸಾಫಿಯ ಪ್ರಭಾವದಿಂದ ಬಂತೋ, ಠಾಕೂರರ ಸಹವಾಸದಿಂದ ಬಂತೋ? ಇದು ಪಿಎಚ್.ಡಿ.ಗೆ ತಕ್ಕ ಪ್ರಶ್ನೆ. ಇದಕ್ಕೆ ಉತ್ತರ ಹುಡುಕುವವನು ಕನ್ನಡ ಸಾಹಿತ್ಯ ಓದಿರಬೇಕು, ಐರ್ಲೆಂಡಿನ ಚರಿತ್ರೆ ಓದಿರಬೇಕು, ಮೈಸೂರು ಸಂಸ್ಥಾನದ ದಾಖಲೆ ನೋಡಬೇಕು. ಒಂದೇ ವಿಭಾಗದ ಬಾಗಿಲಲ್ಲಿ ನಿಂತವನಿಗೆ ಇದು ದಕ್ಕುವುದಿಲ್ಲ.

ಇನ್ನೊಂದು ಕಡೆಗೆ ತಿರುಗಿ. ಕೆಜಿಎಫ್! ಉರಿಗಾಂ, ಮಾರಿಕುಪ್ಪಂ ಸುತ್ತಿನ ರೈತರು ಮಣ್ಣು ತೊಳೆದು ಚಿನ್ನ ತೆಗೆಯುತ್ತಿದ್ದುದನ್ನು 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರನ್ ನೋಡಿ ಬರೆದಿಟ್ಟ. ಆ ಹಳೇ ಬರಹ ಓದಿ 1871ರಲ್ಲಿ ಬೆಂಗಳೂರಿನಿಂದ ಎತ್ತಿನ ಗಾಡಿ ಕಟ್ಟಿಸಿಕೊಂಡು ಬಂದವನು ಮೈಕೇಲ್ ಫಿಟ್ಜೆರಾಲ್ಡ್ ಲ್ಯಾವೆಲ್. ಐರ್ಲೆಂಡಿನವನು, ನ್ಯೂಜಿಲೆಂಡಿನಲ್ಲಿ ಮಾವೊರಿಗಳ ಮೇಲಿನ ಯುದ್ಧದಲ್ಲಿ ಬ್ರಿಟಿಷರ ಸಿಪಾಯಿಯಾಗಿದ್ದವನು. 1875ರಲ್ಲಿ ಮೈಸೂರು ಸರ್ಕಾರ ಅವನಿಗೆ ಗಣಿಗಾರಿಕೆಯ ಹಕ್ಕು ಕೊಟ್ಟಿತು. ಬೆಂಗಳೂರಿನ ಗೆಳೆಯರೇ, ನೀವು ಕಾಫಿ ಕುಡಿಯಲು ಹೋಗುವ ಲ್ಯಾವೆಲ್ ರಸ್ತೆ ಇವನದೇ ಹೆಸರು. ಬ್ರಿಟಿಷರ ಕೈಯಲ್ಲಿ ನಾಡು ಕಳೆದುಕೊಂಡವನೇ ಬ್ರಿಟಿಷರ ಬಂದೂಕು ಹಿಡಿದು ಇನ್ನೊಬ್ಬರ ನಾಡಿಗೆ ಹೋಗುತ್ತಾನೆ. ಕಸಿನ್ಸನೂ ಐರಿಷ್, ಲ್ಯಾವೆಲನೂ ಐರಿಷ್. ಒಬ್ಬ ಕನ್ನಡಕ್ಕೆ ಕವಿಯನ್ನು ಕೊಟ್ಟ, ಇನ್ನೊಬ್ಬ ನಮ್ಮ ನೆಲ ಅಗೆಯಲು ದಾರಿ ತೋರಿಸಿದ. ಅದೇ ನೆಲದಲ್ಲಿ ರಾಬರ್ಟ್‌ಸನ್‌ಪೇಟೆ, ಆಂಡರ್‌ಸನ್‌ಪೇಟೆ, ಚಾಂಪಿಯನ್ ರೀಫ್ ಎಂಬ ಊರುಗಳು ಎದ್ದವು. 2001ರಲ್ಲಿ ಗಣಿ ಮುಚ್ಚಿತು, ಹೆಸರುಗಳು ಉಳಿದವು.

ಊರ ಹೆಸರು ಅಂದೆನಲ್ಲ, ಅದೂ ಐರ್ಲೆಂಡಿನಲ್ಲಿ ದೊಡ್ಡ ಕಥೆ. 1824ರಿಂದ ಬ್ರಿಟಿಷರು ಆ ದ್ವೀಪವನ್ನೆಲ್ಲ ಅಳೆದು ನಕ್ಷೆ ಮಾಡಿದರು, ಐರಿಷ್ ಊರ ಹೆಸರುಗಳನ್ನೆಲ್ಲ ಇಂಗ್ಲಿಷ್ ನಾಲಗೆಗೆ ಒಗ್ಗಿಸಿ ಬರೆದರು. ಆ ಕೆಲಸಕ್ಕೇ ಸೇರಿದ ಜಾನ್ ಒ'ಡೊನವನ್ ಎಂಬ ಐರಿಷ್ ವಿದ್ವಾಂಸ ಹಳ್ಳಿ ಹಳ್ಳಿ ತಿರುಗಿ ಹೆಸರುಗಳ ಮೂಲ ಕೇಳಿ ಬರೆದಿಟ್ಟ. ಮುಂದೆ 1937ರಿಂದ 1939ರವರೆಗೆ ಅಲ್ಲಿನ ಸರ್ಕಾರ ಶಾಲೆಯ ಮಕ್ಕಳಿಗೇ ನೋಟ್ ಪುಸ್ತಕ ಕೊಟ್ಟು, ಮನೆಯ ಅಜ್ಜ ಅಜ್ಜಿಯರ ಬಾಯಿಂದ ಊರ ಕಥೆ, ಗಾದೆ, ಮದ್ದು, ಹಾಡು ಬರೆಸಿತು. ಸುಮಾರು 5,000 ಶಾಲೆ, 50,000 ಮಕ್ಕಳು! ಕೋಲಾರ ಜಿಲ್ಲೆಯಲ್ಲಿ ಹೀಗೆ ಮಾಡಿದ್ದರೆ? ಒಂದೇ ಮನೆಯಲ್ಲಿ ಅಜ್ಜಿ ತೆಲುಗು, ಸೊಸೆ ಕನ್ನಡ, ಗಣಿಗೆ ಹೋದ ಮಾವ ತಮಿಳು ಆಡುತ್ತಿದ್ದ ಊರುಗಳಿವು. ಬಿ.ಎಲ್. ರೈಸ್ 1905ರಲ್ಲಿ ಹೊರತಂದ ಕೋಲಾರದ ಶಾಸನ ಸಂಪುಟದಲ್ಲೂ ಈ ಮೂರು ನುಡಿಗಳಿವೆ. ತೆಲುಗು, ತಮಿಳು ಕಲಿಯದೆ ಈ ಜಿಲ್ಲೆಯ ಕನ್ನಡದ ಚರಿತ್ರೆ ಬರೆಯಲಾಗದು. ಇದನ್ನು ಹೇಳಲು ಕನ್ನಡ ಚಳವಳಿಯವನಾದ ನನಗೆ ಸಂಕೋಚವಿಲ್ಲ.

ಈಗ ಆ ಎಚ್ಚರಿಕೆಯ ಮಾತಿಗೆ ಬರೋಣ. ಐರಿಷ್ ನುಡಿ ಹೇಗೆ ಹೋಯಿತು? ‘ಇಂಗ್ಲಿಷರು ನಿಷೇಧ ಹಾಕಿದರು’ ಅಂದುಬಿಟ್ಟರೆ ಅರ್ಧ ಉತ್ತರ. 1845ರಲ್ಲಿ ಶುರುವಾದ ಆಲೂಗೆಡ್ಡೆಯ ಬರದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಜನ ಹಡಗು ಹತ್ತಿದರು. ಹೆಚ್ಚಾಗಿ ಸತ್ತವರು ಐರಿಷ್ ಆಡುವ ಬಡವರು. 1831ರಿಂದ ಬಂದ ಸರ್ಕಾರಿ ಶಾಲೆಗಳು ಇಂಗ್ಲಿಷಿನವು. ಮಗುವಿನ ಕೊರಳಿಗೆ ಒಂದು ಕೋಲು ಕಟ್ಟಿ, ಐರಿಷ್ ಮಾತಾಡಿದಾಗಲೆಲ್ಲ ಒಂದು ಗೀರು ಹಾಕಿ, ಗೀರು ಎಣಿಸಿ ಹೊಡೆಯುತ್ತಿದ್ದರು. ಆ ಗೀರು ಹಾಕಿದವರಲ್ಲಿ ಹೆತ್ತವರೂ ಇದ್ದರು! ಮಗ ಅಮೆರಿಕಕ್ಕೆ ಹೋಗಿ ಬದುಕಿಕೊಳ್ಳಲಿ ಎಂಬ ಆಸೆ. ಕನ್ನಡ ಆಡಿದರೆ ದಂಡ ಹಾಕುವ ಬೆಂಗಳೂರಿನ ಶಾಲೆಗೆ ಸಾಲ ಮಾಡಿ ಫೀಸು ಕಟ್ಟುವ ಅಪ್ಪನನ್ನು ನೆನೆಸಿಕೊಳ್ಳಿ.

1922ರಲ್ಲಿ ಸ್ವಂತ ಸರ್ಕಾರ ಬಂತು. 1937ರ ಸಂವಿಧಾನದಲ್ಲಿ ಐರಿಷ್ ಮೊದಲ ಅಧಿಕೃತ ಭಾಷೆಯಾಯಿತು. ಶಾಲೆಯಲ್ಲಿ ಕಡ್ಡಾಯವಾಯಿತು. 2022ರ ಜನಗಣತಿಯಲ್ಲಿ ಸುಮಾರು 18.7 ಲಕ್ಷ ಜನ ಐರಿಷ್ ಬರುತ್ತದೆ ಎಂದರು. ಶಾಲೆಯ ಹೊರಗೆ ದಿನಾ ಆಡುವವರು ಎಷ್ಟು? 71,968. ಕಾಯ್ದೆ ಇದೆ, ಬೋರ್ಡು ಇದೆ, ಪರೀಕ್ಷೆ ಇದೆ. ಅಡುಗೆಮನೆಯಲ್ಲಿ ನುಡಿ ಇಲ್ಲ. ಏಕೆ? ಬರದ ಚರಿತ್ರೆ, ವಲಸೆಯ ಲೆಕ್ಕ, ಶಾಲೆಯ ಕಡತ, ಜನಪದ, ಭಾಷಾಶಾಸ್ತ್ರ ಇಷ್ಟನ್ನೂ ಒಟ್ಟಿಗೆ ಇಟ್ಟು ನೋಡಿದವನು ಮಾತ್ರ ಹೇಳಬಲ್ಲ. ಅಂಥವನೊಬ್ಬ ನಮಗೆ ಬೇಕು. ನಾವು ಕೇಳುತ್ತಿರುವುದೂ ಕಾಯ್ದೆ ಮತ್ತು ಬೋರ್ಡುಗಳನ್ನೇ ಅಲ್ಲವೇ?

ಇಂಥ ಓದು ನಮ್ಮಲ್ಲಿ ಹೊಸದೇನಲ್ಲ. ಎಂ. ಚಿದಾನಂದಮೂರ್ತಿಯವರನ್ನು ನೀವು ಚಳವಳಿಯ ಮುಂಚೂಣಿಯಲ್ಲಿ ಕಂಡವರು. ಅವರ ಪಿಎಚ್.ಡಿ. ಪ್ರಬಂಧ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’. ಕ್ರಿ.ಶ. 450ರಿಂದ 1150ರವರೆಗಿನ ಕಲ್ಲುಗಳಿಂದ ಮತ, ಶಿಕ್ಷಣ, ಕಲೆ, ಜನಜೀವನ ಎಲ್ಲವನ್ನೂ ಹೆಕ್ಕಿದರು. ಅದು ಚರಿತ್ರೆಯೋ ಸಾಹಿತ್ಯವೋ ಎಂದು ಕೇಳಿ ಬಾಗಿಲು ಹಾಕಿದ್ದರೆ ನಷ್ಟ ಯಾರಿಗೆ? ಶಂಬಾ ಜೋಶಿಯವರಿಗಂತೂ ಯಾವ ವಿಭಾಗದ ಹಂಗೂ ಇರಲಿಲ್ಲ.

ಅಡ್ಡಿಗಳನ್ನು ಮುಚ್ಚಿಡುವುದಿಲ್ಲ. ಚರಿತ್ರೆಯವರು ಇದು ಸಾಹಿತ್ಯ ಅನ್ನುತ್ತಾರೆ, ಕನ್ನಡದವರು ಇದು ಚರಿತ್ರೆ ಅನ್ನುತ್ತಾರೆ. ಆಗ ಯುಜಿಸಿಯ 2022ರ ಪಿಎಚ್.ಡಿ. ನಿಯಮ ತೆಗೆದು ತೋರಿಸಿ. ಬೇರೆ ವಿಭಾಗದವರನ್ನು, ಬೇರೆ ಸಂಸ್ಥೆಯವರನ್ನು ಸಹ ಮಾರ್ಗದರ್ಶಕರಾಗಿ ಪಡೆಯಲು ಅಲ್ಲಿ ಅವಕಾಶವಿದೆ. ಎರಡನೆಯ ಅಡ್ಡಿ ಇನ್ನೂ ಕೆಟ್ಟದ್ದು. ತಿಂಗಳಿಗೆ 37,000 ರೂಪಾಯಿ ಕೊಡುವ ಜೆ.ಆರ್.ಎಫ್. ಬೇಕಾದರೆ ಯುಜಿಸಿ ನೆಟ್ ಬರೆಯಬೇಕು. ಚರಿತ್ರೆಯ ಪ್ರಶ್ನೆಪತ್ರಿಕೆ ಇರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಹಿಂದಿ ಹುಡುಗ ತನ್ನ ನುಡಿಯಲ್ಲಿ ಓದಿ ಉತ್ತರಿಸುತ್ತಾನೆ, ಕನ್ನಡದಲ್ಲಿ ಎಂ.ಎ. ಮಾಡಿದ ತಾಯಲೂರಿನ ಹುಡುಗಿ ಪರನುಡಿಯಲ್ಲಿ ತಡವರಿಸುತ್ತಾಳೆ. ಇದೇನು ನ್ಯಾಯ ಸ್ವಾಮಿ? ಕನ್ನಡದಲ್ಲೂ ನೆಟ್ ಪತ್ರಿಕೆ ಬೇಕೆಂದು ಬೀದಿಗಿಳಿಯುವುದಾದರೆ ಮೊದಲ ಸಾಲಿನಲ್ಲಿ ನಾನಿರುತ್ತೇನೆ. ಅಲ್ಲಿಯವರೆಗೆ ಇಂಗ್ಲಿಷ್ ಓದಿ, ಹಗೆಯಿಂದಲ್ಲ, ಕೆಲಸಕ್ಕಾಗಿ. ಐರ್ಲೆಂಡಿನ ಕಡತಗಳು ಆ ನುಡಿಯಲ್ಲೇ ಹೆಚ್ಚು ಇವೆ. ಆದರೆ ಪ್ರಬಂಧ ಮಾತ್ರ ಕನ್ನಡದಲ್ಲಿರಲಿ.

ಕಸಿನ್ಸ್ ಮೇಲೆ ಕೆಲಸ ಮಾಡಲು ಮನಸ್ಸಿದ್ದವರು ಮೊದಲು ಮದನಪಲ್ಲಿ ಕಾಲೇಜಿಗೆ ಒಮ್ಮೆ ಹೋಗಿ ಬನ್ನಿ, ಆಮೇಲೆ ಮೈಸೂರಿನ ದಾಖಲೆಗಳಿಗೆ. ಕೆಜಿಎಫ್ ಕಡೆ ಒಲವಿದ್ದವರು ಗಣಿಯಲ್ಲಿ ದುಡಿದು ನಿವೃತ್ತರಾದ ಹಿರಿಯರು ಇರುವಾಗಲೇ ಅವರ ಮಾತನ್ನು ಧ್ವನಿಮುದ್ರಿಸಿಕೊಳ್ಳಿ. ಸಭೆ ಮುಗಿದ ಮೇಲೆ ನಾನು ಇಲ್ಲೇ ಇರುತ್ತೇನೆ. ಒಂದು ಪುಟದಲ್ಲಿ ನಿಮ್ಮ ಪ್ರಶ್ನೆ ಬರೆದು ತನ್ನಿ, ಕೂತು ಮಾತಾಡೋಣ.