ಹುಳುವಿಗೆ ಹುಳುವೇ ಮದ್ದು



ತೇಗದ ಮರ ನಮಗೆಲ್ಲ ಗೊತ್ತು. ಬಾಗಿಲಿಗೆ, ಕಿಟಕಿಗೆ, ಮಂಚಕ್ಕೆ ಅದಕ್ಕಿಂತ ಒಳ್ಳೆ ಮರ ಇಲ್ಲ ಅಂತೀವಿ. ಅರಣ್ಯ ಇಲಾಖೆಯವರು ತೇಗದ ನೆಡುತೋಪು ಬೆಳೆಸಿದ್ದಾರೆ. ನಮ್ಮಲ್ಲೂ ಕೆಲವರು ಹೊಲದ ಬದುವಿನಲ್ಲಿ ತೇಗ ನೆಟ್ಟಿದ್ದೇವೆ. ಮನೆ ಕಟ್ಟೋದಕ್ಕೆ, ಮಕ್ಕಳ ಮದುವೆಗೆ ಆದೀತು ಅಂತ ಕಾಯುತ್ತಿದ್ದೇವೆ.

ಮಳೆ ಬಿದ್ದೊಡನೆ ತೇಗ ಚಿಗುರುತ್ತದೆ. ಆಗಲೇ ಒಂದು ಪತಂಗ ಬರುತ್ತದೆ. ಎಳೆ ಎಲೆಗಳ ಮೇಲೆ ನೂರಾರು ಮೊಟ್ಟೆ ಇಡುತ್ತದೆ. ಮೊಟ್ಟೆಯೊಡೆದು ಹುಳು ಬರುತ್ತದೆ. ಅದು ಎಲೆಯ ಅಂಚು ಮಡಚಿ, ಒಳಗೆ ಕೂತು ಎಲೆ ತಿನ್ನುತ್ತದೆ. ಕೊನೆಗೆ ಉಳಿಯೋದು ದಪ್ಪ ನರ ಮಾತ್ರ. ಕೆಲವೇ ದಿನದಲ್ಲಿ ಇಡೀ ತೋಪು ಬೋಳಾಗುತ್ತದೆ.

ಮರ ಸಾಯೋದಿಲ್ಲ, ಮತ್ತೆ ಚಿಗುರುತ್ತದೆ. ಹಾಗಾದರೆ ನಷ್ಟ ಏನು? ಕೇರಳದ ನಿಲಂಬೂರಿನಲ್ಲಿ ವಿಜ್ಞಾನಿಗಳು ಇದನ್ನು ಅಳೆದು ನೋಡಿದರು. ಕೆಲವು ಎಳೆ ಮರಗಳನ್ನು ಹುಳುವಿನಿಂದ ಕಾಪಾಡಿದರು. ಕೆಲವನ್ನು ಹಾಗೇ ಬಿಟ್ಟರು. 1985ರಲ್ಲಿ ಲೆಕ್ಕ ಹೊರಬಂತು. ಹುಳು ತಿಂದ ಮರಗಳಲ್ಲಿ ಬೆಳವಣಿಗೆ ನೂರಕ್ಕೆ 44 ಪಾಲು ಕಡಿಮೆ! ಹತ್ತಿರ ಹತ್ತಿರ ಅರ್ಧ ಬೆಳೆ ಹುಳುವಿನ ಪಾಲು.

ವಿಷ ಹೊಡೆಯೋಣ ಅಂತೀರಾ? ಅಷ್ಟು ಎತ್ತರದ ಮರಕ್ಕೆ ಹೊಡೆಯೋದು ಸುಲಭವಲ್ಲ. ವಿಷ ಹಳ್ಳದ ನೀರು ಸೇರುತ್ತದೆ. ಜೇನು ಸಾಯುತ್ತದೆ. ಅದರ ಜೊತೆಗೆ ನಮ್ಮ ಗೆಳೆಯನೂ ಸಾಯುತ್ತಾನೆ.

ಯಾರು ಈ ಗೆಳೆಯ? ಒಂದು ಸಣ್ಣ ಕಣಜ. ಹೆಸರು ಟ್ರೈಕೋಗ್ರಾಮ. ಸಾಸಿವೆ ಕಾಳಿಗಿಂತ ಚಿಕ್ಕದು. ಅದು ನಮ್ಮನ್ನು ಕಚ್ಚೋದಿಲ್ಲ. ಪತಂಗದ ಮೊಟ್ಟೆಯನ್ನು ಹುಡುಕಿ, ಅದರೊಳಗೆ ತನ್ನ ಮೊಟ್ಟೆ ಇಡುತ್ತದೆ. ಕಣಜದ ಮರಿ ಪತಂಗದ ಮೊಟ್ಟೆಯನ್ನು ಒಳಗಿಂದಲೇ ತಿಂದು ಬೆಳೆಯುತ್ತದೆ. ಆ ಮೊಟ್ಟೆ ಕಪ್ಪಾಗುತ್ತದೆ. ಅದರಿಂದ ಹುಳು ಬರೋದಿಲ್ಲ, ಕಣಜ ಬರುತ್ತದೆ. ಹೀಗೆ ಬೇರೆ ಕೀಟದ ಮೇಲೆ ಬದುಕುವ ಕೀಟವನ್ನು ಪರಾವಲಂಬಿ ಕೀಟ ಅನ್ನುತ್ತಾರೆ.

ಇದನ್ನು ಸಾಕಲೂಬಹುದು. ಅಕ್ಕಿ ಪತಂಗದ ಮೊಟ್ಟೆಗಳನ್ನು ಕಾಗದದ ಕಾರ್ಡಿಗೆ ಅಂಟಿಸಿ, ಕಣಜಕ್ಕೆ ಕೊಡುತ್ತಾರೆ. ಇದೇ ಟ್ರೈಕೋ ಕಾರ್ಡ್. ಒಂದು ಕಾರ್ಡಿನಲ್ಲಿ ಸಾವಿರಾರು ಕಣಜ! ಕಾರ್ಡನ್ನು ತುಂಡು ಮಾಡಿ ಎಲೆಗಳ ಅಡಿಗೆ ಸಿಕ್ಕಿಸಬೇಕು. ತಂಪು ಹೊತ್ತಿನಲ್ಲಿ ಈ ಕೆಲಸ ಮಾಡಬೇಕು. ಜಬಲ್ಪುರದ ಅರಣ್ಯ ಸಂಶೋಧನಾ ಸಂಸ್ಥೆಯವರು ತೇಗದ ತೋಪಿನಲ್ಲೂ ಈ ಕಣಜವನ್ನು ಬಿಟ್ಟಿದ್ದಾರೆ.

ಆದರೆ ಒಂದು ಮಾತು ನೆನಪಿಡಿ. ಈ ಕಣಜಕ್ಕೆ ಬೇಕಾದ್ದು ಮೊಟ್ಟೆ. ಹುಳು ಹೊರಗೆ ಬಂದ ಮೇಲೆ ಕಾರ್ಡ್ ಕಟ್ಟಿದರೆ ಆ ಹುಳು ಸಾಯೋದಿಲ್ಲ. ಲಕ್ಷಾಂತರ ಪತಂಗ ಒಮ್ಮೆಗೇ ದಂಡೆತ್ತಿ ಬಂದರೆ ಗೆಳೆಯ ಕೀಟಗಳಿಗೂ ಸಾಕಾಗೋದಿಲ್ಲ. ಆದ್ದರಿಂದ ಚಿಗುರುವಾಗಲೇ ಎಲೆ ತಿರುಗಿಸಿ ನೋಡಬೇಕು.

ಇನ್ನೊಂದು ಕೆಲಸಕ್ಕೆ ಕಾಸು ಖರ್ಚಿಲ್ಲ. ತೇಗದ ಕೆಳಗಿನ ಪೊದೆಗಳನ್ನು ಪೂರಾ ಕಡಿಯಬಾರದು, ಸುಡಬಾರದು. ಯಾಕೆ ಗೊತ್ತೆ? ತೇಗದ ಹುಳು ಇಲ್ಲದ ಕಾಲದಲ್ಲಿ ಗೆಳೆಯ ಕೀಟಗಳು ಆ ಪೊದೆಯ ಬೇರೆ ಹುಳುಗಳ ಮೇಲೆ ಬದುಕುತ್ತವೆ. ಹೂವಿನ ರಸ ಕುಡಿಯುತ್ತವೆ. ಡೆಹರಾಡೂನಿನ ಅರಣ್ಯ ಕೀಟ ವಿಜ್ಞಾನಿ ಬೀಸನ್ ಇದನ್ನು ಬಹಳ ಹಿಂದೆಯೇ ಹೇಳಿದ್ದರು. ಪೊದೆ ಸುಟ್ಟರೆ ಗೆಳೆಯನ ಮನೆ ಸುಟ್ಟಂತೆ.

ಹಾಗಾದರೆ ನಾವು ಏನು ಮಾಡೋಣ?

ಕಂಡ ಹುಳುವನ್ನೆಲ್ಲ ಶತ್ರು ಅನ್ನೋದು ಬೇಡ.
ಪೊದೆಗೆ ಬೆಂಕಿ ಇಡೋದು ಬೇಡ.
ಮೊದಲ ಮಳೆಗೇ ಎಲೆಯ ಅಡಿ ನೋಡೋಣ.
ಮೊಟ್ಟೆ ಕಂಡರೆ ಕೂಡಲೇ ಅರಣ್ಯ ಇಲಾಖೆಯವರನ್ನೋ ಕೃಷಿ ವಿಜ್ಞಾನ ಕೇಂದ್ರದವರನ್ನೋ ಕೇಳೋಣ.

ಒಬ್ಬರು ಮಾಡಿದರೆ ಸಾಲದು. ಪತಂಗಕ್ಕೆ ನಮ್ಮ ಬದು, ನಿಮ್ಮ ಬದು ಅಂತ ಇಲ್ಲ. ಊರೆಲ್ಲ ಸೇರಿ ಮಾಡೋಣ.