ತೊಟ್ಟಿಲಿನ ಹಾಸಿಗೆ

ತೊಟ್ಟಿಲಿಗೆಂದು ಹಾಸಿಗೆಯನ್ನು ಹೊಲಿಸುವಾಗ ನಾವು ಮೊದಲು ಅದನ್ನು ಅಂಗೈಯಿಂದ ಒತ್ತಿನೋಡುತ್ತೇವೆ. ಕೈ ಹೂತುಹೋದರೆ ನಮಗೆ ಸಂತೋಷ. ಬೂರುಗದ ಅರಳೆಯೇ ಆಗಬೇಕೆಂದು ಹಿರಿಯರು ಹಟಹಿಡಿಯುವುದೂ ಉಂಟು. ಈ ವಾತ್ಸಲ್ಯದಲ್ಲಿಯೇ ಅಪಾಯವಿದೆಯೆಂದರೆ ಶ್ರೋತೃಗಳು ನಮ್ಮನ್ನು ಮನ್ನಿಸಬೇಕು. ಮೆತ್ತನೆಯ ಹಾಸಿಗೆಯಲ್ಲಿ ಬೋರಲಾದ ಎಳೆಗೂಸಿನ ಮುಖ ತಗ್ಗಿನಲ್ಲಿ ಅಡಗುತ್ತದೆ. ಕೊರಳೆತ್ತುವ ಶಕ್ತಿಯಿಲ್ಲದ ಅದು ತಾನು ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳಬೇಕಾಗುತ್ತದೆ. ಬ್ರಿಟನ್ನಿನಲ್ಲಿ 1991ರಲ್ಲಿ ಶಿಶುಗಳನ್ನು ಅಂಗಾತ ಮಲಗಿಸಬೇಕೆಂದು ಸಾರಿದ ತರುವಾಯ ನಿದ್ರೆಯಲ್ಲಿ ಸಂಭವಿಸುತ್ತಿದ್ದ ಹಠಾತ್ ಮರಣಗಳು ಬಹುವಾಗಿ ತಗ್ಗಿದುವು. ಆದರೆ ಅಂಗಾತ ಮಲಗಿಸಿದ ಕೂಸೂ ಒಂದು ದಿನ ಹೊರಳುತ್ತದೆ. ಆಗ ಕೆಳಗಿನ ಹಾಸಿಗೆ ಗಟ್ಟಿಯಾಗಿಯೇ ಇರಬೇಕು.

ಆದುದರಿಂದ ಹತ್ತಿಯನ್ನು ಒತ್ತಾಗಿ ತುಂಬಿ ಹೊಲಿಸಿದ ಹಾಸಿಗೆ, ಇಲ್ಲವೆ ತೆಂಗಿನ ನಾರಿನದು ಲೇಸು. ಒತ್ತಿದ ಕೈಯನ್ನು ತೆಗೆದೊಡನೆ ಅದು ಸಮನಾಗಬೇಕು. ಅಕ್ಕನೋ ಅಣ್ಣನೋ ಮಲಗಿ ನಡುವೆ ತಗ್ಗಾದ ಹಳೆಯ ಹಾಸಿಗೆಯನ್ನು, ಹತ್ತಿಯನ್ನು ಹಿಂಜಿಸಿ ಮತ್ತೆ ಬಿಗಿಯಾಗಿ ತುಂಬಿಸದೆ, ಉಪಯೋಗಿಸಲಾಗದು. ಅಂಚಿನಲ್ಲಿ ಎರಡು ಬೆರಳು ತೂರುವಷ್ಟು ಸಂದಿಯಿದ್ದರೆ ಅಳತೆ ತಪ್ಪಿತೆಂದೇ ಎಣಿಸಬೇಕು. ಮೇಲೆ ಸುಕ್ಕಿಲ್ಲದಂತೆ ಬಿಗಿದ ಒಂದು ಬಟ್ಟೆ ಸಾಕು. ತಲೆ ದುಂಡಗಾಗಲೆಂದು ಇಡುವ ಸಾಸಿವೆಯ ದಿಂಬೂ ಮೊದಲ ವರ್ಷದಲ್ಲಿ ಬೇಡ. ಆ ಸಾಸಿವೆ ಅಡಿಗೆಯ ಮನೆಗೆ ಹೋಗಲಿ.