ಅಲ್ಪಾಕ: ನಯವಾದ ಉಣ್ಣೆ, ಸಹಜವಾದ ಬಣ್ಣ



ನಮ್ಮ ಡೆಕ್ಕನಿ ಕುರಿಯ ಕರಿ ಉಣ್ಣೆಯಿಂದ ನೇಯ್ದ ಕಂಬಳಿಗೆ ಬಣ್ಣ ಹಾಕಬೇಕಾಗಿಲ್ಲ. ದಕ್ಷಿಣ ಅಮೆರಿಕದ ಪೆರು ದೇಶದ ಎತ್ತರದ ಬೆಟ್ಟಗಳಲ್ಲಿ ಸಾಕುವ ಅಲ್ಪಾಕಕ್ಕೂ ಇದೇ ಗುಣವಿದೆ. ಒಂಟೆಯ ಕುಲಕ್ಕೆ ಸೇರಿದ, ಡುಬ್ಬವಿಲ್ಲದ ಈ ಪ್ರಾಣಿ ಬಿಳಿ, ಕಂದು, ಬೂದು, ಕಪ್ಪು ಹೀಗೆ ಅನೇಕ ಬಣ್ಣಗಳಲ್ಲಿ ಹುಟ್ಟುತ್ತದೆ.

ಅಲ್ಲಿನ ಎಲ್ ಯರಾಲ್ ಎಂಬಲ್ಲಿ ಸುಮಾರು 1000 ವರ್ಷಗಳ ಹಿಂದೆ ಬಲಿಕೊಟ್ಟು ಹೂಳಿದ್ದ ಅಲ್ಪಾಕಗಳು ಕೆಡದೆ ಒಣಗಿದ ಸ್ಥಿತಿಯಲ್ಲಿ ಸಿಕ್ಕಿವೆ. ಕೆಲವುಗಳ ಉಣ್ಣೆಯ ಎಳೆ ಸುಮಾರು 18 ಮೈಕ್ರಾನ್ ಮಾತ್ರ, ಅದೂ ಒಂದೇ ಸಮನಾಗಿ! ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. 1532ರಲ್ಲಿ ಸ್ಪೇನಿನವರು ಬಂದ ಮೇಲೆ ಆ ತಳಿಪಾಲನೆ ಚದುರಿತು. ಒರಟು ಉಣ್ಣೆಯ ಲಾಮಾದೊಂದಿಗೆ ಬೆರಕೆಯೂ ಆಯಿತು. ಮುಂದೆ ಗಿರಣಿಗಳು, ಬೇಕಾದ ಬಣ್ಣ ಕಟ್ಟಬಹುದೆಂದು, ಬಿಳಿ ಉಣ್ಣೆಯನ್ನೇ ಹೆಚ್ಚಾಗಿ ಕೇಳಿದವು. ಬಿಳಿ ಬಣ್ಣ ಉಳಿದವುಗಳಿಗಿಂತ ಪ್ರಬಲವಾದ್ದರಿಂದ ಮಂದೆಗಳು ಬೆಳ್ಳಗಾದವು. ಕಪ್ಪು, ಬೂದು ವಿರಳವಾದವು. ತೂಕಕ್ಕೆ ಹಣ ಸಿಗುವಾಗ ದಪ್ಪ ಎಳೆಯ ಪ್ರಾಣಿಯನ್ನು ಯಾರು ತಾನೇ ಬಿಟ್ಟಾರು?

ತಿದ್ದುವ ಕೆಲಸ ನಿಧಾನ. ಗರ್ಭ ಹನ್ನೊಂದು ತಿಂಗಳಿಗೂ ಮಿಕ್ಕಿ, ಸೂಲಿಗೆ ಸಾಮಾನ್ಯವಾಗಿ ಒಂದೇ ಮರಿ. ಆದ್ದರಿಂದ ಬೀಜದ ಗಂಡಿನ ಆಯ್ಕೆಯೇ ಮುಖ್ಯ. ಪಕ್ಕೆಯ ಉಣ್ಣೆ ತೆಗೆದು ಅಳತೆ ಮಾಡಿಸಬೇಕು. ಒಂದೇ ವಯಸ್ಸಿನ, ಒಂದೇ ಮೇವು ತಿಂದವುಗಳನ್ನು ಮಾತ್ರ ಹೋಲಿಸಬೇಕು. ಹಸಿದ ಪ್ರಾಣಿಯ ಎಳೆ ತೆಳ್ಳಗಿದ್ದರೆ ಅದು ತಳಿಗುಣವಲ್ಲ. ಕಪ್ಪು ಬೇಕೆಂದು ಒರಟು ಉಣ್ಣೆಯ ಕರಿ ಗಂಡನ್ನು ಬಿಡುವುದೂ ತಪ್ಪು. ಬಿಳಿ ಜೋಡಿಗೂ ಒಮ್ಮೊಮ್ಮೆ ಕರಿ ಮರಿ ಹುಟ್ಟುವುದುಂಟು. ಎಳೆ ನಯವಾಗಿದ್ದರೆ ಅದನ್ನು ಮಾರದೆ ಮಂದೆಯಲ್ಲೇ ಉಳಿಸಿಕೊಳ್ಳಬೇಕು.